ಕತ್ತರಿ ಕಂಡರೆ ಸೌದೆ ರಾಶಿಯ ಹಿಂದೆ ಕೂರುವ ನಾಯಿ: ಉಗುರು ತೆಗೆಯುವುದು ಹೇಗೆ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟದ ಮನೆ. ಕಾಳು ಅಂತ ಒಂದು ಊರ ನಾಯಿ ಇದ್ದಾನೆ. ಮೂರು ವರ್ಷ ಆಯಿತು. ಮನೆಯವರ ಜೊತೆ ತುಂಬ ಪಾಪದವನು.

ನಾಯಿಯ ಎದುರು ಕಾಲಿನ ಒಳಬದಿಯಲ್ಲಿ, ಸ್ವಲ್ಪ ಮೇಲೆ, ನಮ್ಮ ಹೆಬ್ಬೆರಳಿನ ಹಾಗೆ ಒಂದು ಉಗುರು ಇರುತ್ತದಲ್ಲ. ಅದು ನೆಲಕ್ಕೆ ತಾಗುವುದಿಲ್ಲ, ಸವೆಯುವುದೂ ಇಲ್ಲ. ಕಾಳುವಿಗೆ ಅದು ಬಾಗಿ ಬೆಳೆದು ಚರ್ಮದ ಹತ್ತಿರ ಬಂದಿದೆ. ಕಳೆದ ವರ್ಷ ಆಸ್ಪತ್ರೆಯಲ್ಲಿ ನಾಲ್ಕು ಜನ ಸೇರಿ ನೆಲಕ್ಕೆ ಒತ್ತಿ ಹಿಡಿದು ಕತ್ತರಿಸಿದೆವು. ರಕ್ತ ಬಂತು. ಹೆದರಿ ಅಲ್ಲೇ ಉಚ್ಚೆ ಮಾಡಿಕೊಂಡ. ತಲೆ ಹಿಡಿದವಳು ನಾನೇ. ಅದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಅಲ್ಲಿಂದ ಈಚೆ ಕತ್ತರಿ ಕಂಡರೆ ಸಾಕು, ಸೌದೆ ರಾಶಿಯ ಹಿಂದೆ ಹೋಗಿ ಕೂರುತ್ತಾನೆ. ಮೊನ್ನೆ ಹಾಲಿನ ಪ್ಯಾಕೆಟ್ ಕತ್ತರಿಸಲು ತೆಗೆದೆ, ಆಗಲೂ ಹಾಗೇ. ಬರುವ ತಿಂಗಳು ರೇಬೀಸ್ ಲಸಿಕೆ ಬೇರೆ ಇದೆ. ಪಂಚಾಯತಿನ ಲೈಸೆನ್ಸಿಗೆ ಅದರ ಸರ್ಟಿಫಿಕೇಟ್ ಬೇಕು. ಒತ್ತಿ ಹಿಡಿಯದೆ ಇದನ್ನೆಲ್ಲ ಮಾಡಿಸಿಕೊಳ್ಳುವ ಹಾಗೆ ಕಲಿಸಬಹುದಾ? ಯಾರಾದರೂ ಮಾಡಿದ್ದೀರಾ?

ಉಪ್ಪಳದವ
ಕಲಿಸುವುದು ಎಂತದ್ದು? ಬಾಯಿಗೆ ಬಟ್ಟೆ ಕಟ್ಟಿ, ಇಬ್ಬರು ಹಿಡಿದು, ಎರಡು ನಿಮಿಷದಲ್ಲಿ ಮುಗಿಸಿ. ಮಕ್ಕಳಿಗೆ ಇಂಜೆಕ್ಷನ್ ಕೊಡುವಾಗ ಕೇಳಿ ಕೊಡ್ತೇವಾ?

ಹೆಡಿಗೆಬೆಕ್ಕು
ಅಣ್ಣಾ, ಅದನ್ನೇ ಮಾಡಿ ಹೀಗಾಗಿದೆ ಅಂತ ಅವರು ಬರೆದಿದ್ದಾರಲ್ಲ.

ತೋಟದಮನೆಯವರೇ, ಮೊದಲು ಉಗುರು ಸರಿಯಾಗಿ ನೋಡಿ ಹೇಳಿ. ತುದಿ ಚರ್ಮದ ಒಳಗೆ ಹೋಗಿದೆಯಾ? ಕೆಂಪಾಗಿದೆಯಾ, ಕೀವು ಉಂಟಾ? ಹಾಗಿದ್ದರೆ ಕಲಿಸುತ್ತಾ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ ಮಂಪರು ಬರುವ ಇಂಜೆಕ್ಷನ್ ಕೊಡಿಸಿ ತೆಗೆಸಿ. ಕಲಿಸುವುದು ಆಮೇಲೆ.

ತೋಟದಮನೆ
ಈಗ ನೋಡಿದೆ ಅಕ್ಕಾ. ಮಲಗಿದ್ದಾಗ ಟಾರ್ಚ್ ಹಾಕಿ ನೋಡಿದ್ದು. ಒಳಗೆ ಹೋಗಿಲ್ಲ. ಮಧ್ಯೆ ಒಂದು ಅಕ್ಕಿಕಾಳಿನಷ್ಟು ಜಾಗ ಉಂಟು. ಕೆಂಪಾಗಿಲ್ಲ.

ಮುಳ್ಳೇರಿಯ_ಮಾಷ್ಟ್ರು
ಹಾಗಾದರೆ ಸಮಯ ಇದೆ. ಆದರೆ ಎರಡು ದಿನಕ್ಕೊಮ್ಮೆ ನೋಡುತ್ತಾ ಇರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಮ್ಮ ಹಳೇ ನಾಯಿಗೆ ಕಿವಿ ಸೋಂಕು ಬಂದು ದಿನಕ್ಕೆ ಎರಡು ಸಲ ಡ್ರಾಪ್ಸ್ ಹಾಕಬೇಕಿತ್ತು. ಮೂರನೇ ದಿನ ನನ್ನ ಕೈ ಕಚ್ಚಿತು. ಆಗ ಹುಡುಕಿ ಕಲಿತದ್ದು ಇದು.

ಈ ವಿದ್ಯೆಗೆ ದೊಡ್ಡ ಗುರು ಡಾಲ್ಫಿನ್. 1960ರ ದಶಕದಲ್ಲಿ ಹವಾಯಿಯಲ್ಲಿ ಕ್ಯಾರೆನ್ ಪ್ರಯರ್ ಎಂಬವರು ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದರು. ಡಾಲ್ಫಿನ್‌ಗೆ ಸರಪಳಿ ಹಾಕಿ ಎಳೆಯಲು ಆಗುತ್ತದಾ? ಬೇಡ ಅನಿಸಿದರೆ ಈಜಿಕೊಂಡು ಹೋಗಿಬಿಡುತ್ತದೆ. ಹಾಗಾಗಿ ಸೀಟಿ ಮತ್ತು ಮೀನು, ಎರಡರಲ್ಲೇ ಎಲ್ಲ ಕಲಿಸಬೇಕಾಯಿತು. ಅದೇ ದಾರಿಯಲ್ಲಿ ಈಗ ಎಷ್ಟೋ ಮೃಗಾಲಯಗಳಲ್ಲಿ ಹುಲಿ, ಕರಡಿಗಳು ಸರಳಿನ ಹತ್ತಿರ ತಾವಾಗಿ ಬಂದು ನಿಂತು ರಕ್ತ ತೆಗೆಯಲು ಬಿಡುತ್ತವೆ. ಹುಲಿಗೆ ಕಲಿಸಬಹುದಾದರೆ ಕಾಳುವಿಗೆ ಖಂಡಿತ ಕಲಿಸಬಹುದು.

ನಾನು ಮಾಡಿದ್ದು ಹೇಳುತ್ತೇನೆ. ಊಟಕ್ಕೆ ಕೂರುವ ಮಣೆಯ ಮೇಲೆ ಬೈರಾಸು (ಟವೆಲ್) ಮಡಚಿ ಇಟ್ಟೆ. ಅದರ ಮೇಲೆ ನಾಯಿ ಗಲ್ಲ (ಗದ್ದ) ಇಟ್ಟರೆ 'ಸರಿ' ಅಂತ ಹೇಳಿ ಒಂದು ಚೂರು ತಿಂಡಿ. ಮೊದಲು ಒಂದು ಸೆಕೆಂಡ್ ಸಾಕು. ನಂತರ ಎರಡು, ಐದು, ಹತ್ತು. ಗಲ್ಲ ಇಟ್ಟು ನಿಲ್ಲುವುದು ಗಟ್ಟಿಯಾದ ಮೇಲೆ ಇನ್ನೊಂದು ಕೈಯಿಂದ ಹೆಗಲು ಮುಟ್ಟಿದೆ. ಆಮೇಲೆ ಕಿವಿಯ ಬುಡ. ಆಮೇಲೆ ಕಿವಿ ಎತ್ತಿದೆ. ಬಾಟಲಿ ತೋರಿಸಿದ್ದು ಎಷ್ಟೋ ದಿನ ಕಳೆದ ಮೇಲೆ, ಅದೂ ಖಾಲಿ ಬಾಟಲಿ.

ಇದರಲ್ಲಿ ಮುಖ್ಯ ಒಂದೇ. ಗಲ್ಲ ಮಣೆಯ ಮೇಲೆ ಇದ್ದರೆ ಮುಂದುವರಿಸು ಅಂತ ಅರ್ಥ. ಗಲ್ಲ ಎತ್ತಿದರೆ ನಿಲ್ಲಿಸು ಅಂತ ಅರ್ಥ. ಎತ್ತಿದ ಕೂಡಲೇ ನಾವು ಕೈ ತೆಗೆಯಲೇಬೇಕು. 'ಇನ್ನೊಂದೇ ಒಂದು' ಅಂತ ಒಮ್ಮೆ ಮೋಸ ಮಾಡಿದರೂ ಅದು ನೆನಪಿಡುತ್ತದೆ. ತಾನು ಬೇಡ ಅಂದರೆ ಇವರು ಕೇಳುತ್ತಾರೆ ಅಂತ ಗೊತ್ತಾದ ನಾಯಿ ಹೆಚ್ಚು ಹೊತ್ತು ನಿಲ್ಲುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಚಿರಾಗ್ ಪಟೇಲ್ ಎಂಬ ತರಬೇತುದಾರರ ಬಕೆಟ್ ಆಟ ಕೂಡ ಇದೇ ತರಹದ್ದು. ತಿಂಡಿ ಹಾಕಿದ ಬಕೆಟ್ ಎದುರಿಗೆ ಇಡುವುದು. ನಾಯಿ ಬಕೆಟ್ ನೋಡುತ್ತಾ ಇರುವಷ್ಟು ಹೊತ್ತು ಕೆಲಸ. ಕಣ್ಣು ಬೇರೆ ಕಡೆ ಹೋದರೆ ಕೈ ಹಿಂದೆ.

ಉಪ್ಪಳದವ
ಮಾಷ್ಟ್ರೇ, ಇದು ಲಂಚ ಅಲ್ವಾ? ಹೆದರಿದ ನಾಯಿಗೆ ತಿನ್ನಲು ಕೊಟ್ಟರೆ ಹೆದರಿಕೆಯೇ ಅಭ್ಯಾಸ ಆಗುತ್ತದೆ. ಮುದ್ದು ಜಾಸ್ತಿಯಾದರೆ ತಲೆ ಮೇಲೆ ಕೂರುತ್ತದೆ.

ಮುಳ್ಳೇರಿಯ_ಮಾಷ್ಟ್ರು
ಹೆದರಿಕೆ ಅಂದರೆ ನಾಯಿ ಬೇಕು ಅಂತ ಮಾಡುವ ಕೆಲಸ ಅಲ್ಲವಲ್ಲ, ತಿಂಡಿ ಕೊಟ್ಟ ಕೂಡಲೇ ಜಾಸ್ತಿ ಮಾಡಲಿಕ್ಕೆ. ರಾತ್ರಿ ಗುಡುಗಿಗೆ ಹೆದರಿ ಅಳುವ ಮಗುವನ್ನು ಹತ್ತಿರ ಮಲಗಿಸಿಕೊಂಡರೆ ಮರುದಿನ ಗುಡುಗಿಗೆ ಇನ್ನೂ ಜಾಸ್ತಿ ಹೆದರುತ್ತದಾ? ಪಾವ್ಲೋವ್‌ನ ಗಂಟೆಯ ಪಾಠ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಗಂಟೆಯ ನಂತರ ಊಟ ಬರುತ್ತದೆ ಅಂತ ಗೊತ್ತಾದರೆ ಗಂಟೆಗೇ ಜೊಲ್ಲು. ಇಲ್ಲಿ ಗಂಟೆಯ ಜಾಗದಲ್ಲಿ ಕತ್ತರಿ, ಅಷ್ಟೇ.

ಹೊಸಂಗಡಿ_ಮನೆ
ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತುಂಬ ಮುಖ್ಯ. ನಾವು ತಪ್ಪಿದ್ದು ಅಲ್ಲೇ. ಬಿಸ್ಕೆಟ್ ಡಬ್ಬಿ ತೆಗೆದು ಎರಡು ಬಿಸ್ಕೆಟ್ ಕೊಡುವುದು, ನಮ್ಮ ನಾಯಿ ತಿನ್ನುವಾಗ ಹಿಂದಿನಿಂದ ಕಾಲು ಹಿಡಿಯುವುದು. ನಾಲ್ಕು ಸಲ ಹೀಗೆ ಮಾಡಿದ್ದಕ್ಕೆ ಡಬ್ಬಿಯ ಮುಚ್ಚಳದ ಶಬ್ದ ಕೇಳಿದರೆ ಮಂಚದ ಅಡಿಗೆ ಓಡಲು ಶುರು ಮಾಡಿದಳು. ಕತ್ತರಿಯ ಭಯ ಹಾಗೇ ಇತ್ತು, ಬಿಸ್ಕೆಟ್‌ನ ಭಯ ಹೊಸತಾಗಿ ಬಂತು!

ಈಗ ಮೊದಲು ಮುಟ್ಟುವುದು, ನಂತರ ತಿಂಡಿ. ಕತ್ತರಿ ಕಾಣುತ್ತದೆ, ತಿಂಡಿ ಬರುತ್ತದೆ. ಕತ್ತರಿ ಒಳಗೆ ಹೋಗುತ್ತದೆ, ತಿಂಡಿ ನಿಲ್ಲುತ್ತದೆ.

ಬೇಳದ_ಭಟ್ಟರು
ನಮ್ಮದು ಸಸ್ಯಾಹಾರಿ ಮನೆ. ಎಲ್ಲರೂ ಕೋಳಿ, ಮೀನು ಅಂತ ಹೇಳುತ್ತಾರೆ. ನಮ್ಮಂಥವರು ಎಂತ ಕೊಡುವುದು?

ಹೊಸಂಗಡಿ_ಮನೆ
ತೆಂಗಿನಕಾಯಿ ಚೂರು ಕೊಡಿ ಭಟ್ರೇ. ಉಗುರಿನಷ್ಟು ಸಣ್ಣ ಚೂರು ಸಾಕು, ಜಾಸ್ತಿಯಾದರೆ ಭೇದಿ ಆಗುತ್ತದೆ. ಬೇಯಿಸಿದ ಕ್ಯಾರೆಟ್ ಆಗುತ್ತದೆ. ಗಟ್ಟಿ ಮೊಸರನ್ನು ಸೌಟಿಗೆ ಸವರಿ ನೆಕ್ಕಲು ಕೊಟ್ಟರೆ ಇನ್ನೂ ಒಳ್ಳೆಯದು, ನೆಕ್ಕುತ್ತಾ ಇರುವಾಗ ನಾಯಿ ತಣ್ಣಗಾಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಮಾತ್ರ ಬೇಡವೇ ಬೇಡ, ನಾಯಿಗೆ ವಿಷ. ಪೇಟೆಯ ಪೀನಟ್ ಬಟರ್ ಕೊಡುವುದಾದರೆ ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ) ಇಲ್ಲ ಅಂತ ಲೇಬಲ್ ಓದಿಕೊಳ್ಳಿ.

ಕುಂಬಳೆ_ಕಡಲು
ನಮ್ಮಲ್ಲಿ ಒಣ ಸಿಗಡಿ. ಒಂದೊಂದೇ. ಬೇರೆ ಯಾವುದೂ ಅದರ ಮುಂದೆ ನಿಲ್ಲುವುದಿಲ್ಲ.

ಬಡಗಿ_ಬಾಯಾರು
ಕತ್ತರಿಯೇ ಯಾಕೆ? ಒಂದು ಹಲಗೆಗೆ ಸ್ಯಾಂಡ್ ಪೇಪರ್ ಅಂಟಿಸಿ ಓರೆಯಾಗಿ ಹಿಡಿಯಿರಿ. ನಾಯಿ ಕೆರೆಯುತ್ತದೆ, ಉಗುರು ತಾನಾಗಿ ಸವೆಯುತ್ತದೆ. ನಮ್ಮವನು ಹಲಗೆ ಕಂಡರೆ ಬಾಲ ಅಲ್ಲಾಡಿಸಿಕೊಂಡು ಬರುತ್ತಾನೆ.

ಹೆಡಿಗೆಬೆಕ್ಕು
ಒಳ್ಳೆ ಉಪಾಯ. ಆದರೆ ಇವರ ಸಮಸ್ಯೆ ಮೇಲಿನ ಉಗುರು. ಹಲಗೆಗೆ ಅದು ತಾಗುವುದೇ ಇಲ್ಲ. ಕತ್ತರಿಸಲೇಬೇಕು.

ಊರ ನಾಯಿಗಳಿಗೆ ಉಗುರು ಹೆಚ್ಚಾಗಿ ಕಪ್ಪು, ಒಳಗಿನ ರಕ್ತದ ಭಾಗ ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಕೂದಲೆಳೆಯಷ್ಟು ತೆಳ್ಳಗೆ ಕತ್ತರಿಸಿ. ಪ್ರತಿ ಸಲ ಕತ್ತರಿಸಿದ ಮುಖ ನೋಡಿ. ಒಣ ಪುಡಿ ಪುಡಿ ಇದ್ದರೆ ಇನ್ನೂ ಜಾಗ ಇದೆ. ನಡುವಲ್ಲಿ ನುಣ್ಣಗಿನ ಒಂದು ಚುಕ್ಕೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಅಕಸ್ಮಾತ್ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ, ನಿಲ್ಲುತ್ತದೆ.

ತೋಟದಮನೆ
ಸೌಟು ಮೊಸರು ಇವತ್ತು ಮಾಡಿ ನೋಡಿದೆ. ಮಣೆಗೆ ಗಲ್ಲ ಇಟ್ಟ! ಆದರೆ ಒಂದು ತೊಂದರೆ. ನಾನು 'ಕೂತ್ಕೋ' ಅಂತ ಹೇಳುತ್ತೇನೆ, ಅತ್ತೆ ತುಳುವಿನಲ್ಲಿ 'ಕುಲ್ಲು' ಅಂತಾರೆ, ಮಗ 'ಸಿಟ್' ಅಂತಾನೆ. ಆಸ್ಪತ್ರೆಯಲ್ಲಿ ಡಾಕ್ಟರು ಮಲಯಾಳದಲ್ಲಿ ಮಾತಾಡುತ್ತಾರೆ. ಅವನಿಗೆ ಗೊಂದಲ ಆಗುವುದಿಲ್ಲವಾ?

ಕುಂಬಳೆ_ಕಡಲು
ಈ ಗಡಿನಾಡಿನ ನಾಯಿಗಳಿಗೆ ನಾಲ್ಕು ಭಾಷೆ ಗೊತ್ತು, ಚಿಂತೆ ಮಾಡಬೇಡಿ ಅಕ್ಕಾ.

ಮುಳ್ಳೇರಿಯ_ಮಾಷ್ಟ್ರು
ಭಾಷೆ ಯಾವುದಾದರೂ ಆಗುತ್ತದೆ, ಮನೆಯವರೆಲ್ಲ ಒಂದೇ ಶಬ್ದ ಬಳಸಬೇಕು. ಎಲ್ಲಕ್ಕಿಂತ ಮುಖ್ಯ, ಮುಟ್ಟುವ ಮೊದಲು ಹೇಳುವ ಶಬ್ದ. ನಾವು ಕಾಲು ಮುಟ್ಟುವ ಮೊದಲು 'ಕಾಲು', ಕಿವಿ ಮುಟ್ಟುವ ಮೊದಲು 'ಕಿವಿ' ಅಂತ ಹೇಳುತ್ತೇವೆ. ಈಗ ಯಾವುದು ಬರುತ್ತಿದೆ ಅಂತ ಅದಕ್ಕೆ ಮೊದಲೇ ಗೊತ್ತು. ಬೆಚ್ಚಿ ಬೀಳುವುದು ನಿಂತಿತು. ಡಾಕ್ಟರು ಯಾವ ಭಾಷೆ ಮಾತಾಡಿದರೂ ಆ ಶಬ್ದ ನೀವೇ ಹೇಳಿ.

ಗಿಡ್ಡದನ
ಇದೆಲ್ಲ ಹೊಸತು ಅಂತ ಹೇಳುತ್ತಿದ್ದೀರಿ. ನಮ್ಮ ಅಜ್ಜಿ ಕಾಸರಗೋಡು ಗಿಡ್ಡ ದನಗಳಿಗೆ ಇದನ್ನೇ ಮಾಡುತ್ತಿದ್ದರು. ಕರು ಹುಟ್ಟಿದ ವಾರದಿಂದಲೇ ದಿನಾ ಸಂಜೆ ಹಟ್ಟಿಯಲ್ಲಿ ಕೂತು ಅದರ ಕಿವಿ, ಬಾಯಿ, ಗೊರಸು, ಕೆಚ್ಚಲಿನ ಜಾಗ ಎಲ್ಲ ಮುಟ್ಟುವುದು. ನಂತರ ಗಂಗೆದೊಗಲು ತುರಿಸುವುದು. ದನ ಕುತ್ತಿಗೆ ಉದ್ದ ಮಾಡಿ, ಕಣ್ಣು ಅರ್ಧ ಮುಚ್ಚಿ ನಿಲ್ಲುತ್ತಿತ್ತು. ತುರಿಸುವುದು ನಿಲ್ಲಿಸಿದರೆ ಮೂತಿಯಿಂದ ಕೈಗೆ ದೂಡುತ್ತಿತ್ತು, ಇನ್ನೂ ಬೇಕು ಅಂತ.

ಈಗಲೂ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆಗೆ ಬಂದಾಗ ನಮ್ಮ ಹಟ್ಟಿಯಲ್ಲಿ ಮೂಗುದಾರ ಎಳೆಯುವುದು ಅಂತ ಇಲ್ಲ. ನಾನು ಕುತ್ತಿಗೆ ತುರಿಸುತ್ತೇನೆ, ಅವರು ಸೂಜಿ ಹಾಕುತ್ತಾರೆ. ಅಜ್ಜಿ ಡಾಲ್ಫಿನ್ ನೋಡಿದವರಲ್ಲ.

ಮುಳ್ಳೇರಿಯ_ಮಾಷ್ಟ್ರು
ಒಪ್ಪಿದೆ. ತಿಂಡಿಯೇ ಆಗಬೇಕು ಅಂತ ಇಲ್ಲ, ಆ ಪ್ರಾಣಿಗೆ ಯಾವುದು ಇಷ್ಟವೋ ಅದು. ಇದನ್ನು ನಾನು ಮೊದಲೇ ಬರೆಯಬೇಕಿತ್ತು.

ಕುಂಬಳೆ_ಕಡಲು
ಬೆಕ್ಕಿಗೆ ಇದೆಲ್ಲ ನಡೆಯುತ್ತದಾ? ನಮ್ಮದನ್ನು ಗೋಣಿಯಲ್ಲಿ ಹಾಕಿ ಕೊಂಡೋಗುವುದು.

ಹೆಡಿಗೆಬೆಕ್ಕು
ಅಯ್ಯೋ, ಗೋಣಿ ಬೇಡ. ನನ್ನ ಹೆಸರೇ ಹೆಡಿಗೆಬೆಕ್ಕು, ಕೇಳಿ.

ಆಸ್ಪತ್ರೆಗೆ ಹೋಗುವ ದಿನ ಮಾತ್ರ ಬುಟ್ಟಿ ತೆಗೆದರೆ ಬೆಕ್ಕು ಮಾಡಿನ ಮೇಲೆ ಹತ್ತುತ್ತದೆ. ನಾನು ಮುಚ್ಚಳ ಇರುವ ದೊಡ್ಡ ಹೆಡಿಗೆಯನ್ನು ವರ್ಷವಿಡೀ ಜಗಲಿಯ ಮೂಲೆಯಲ್ಲಿ ಬಾಯಿ ತೆರೆದು ಇಟ್ಟಿದ್ದೇನೆ. ಒಳಗೆ ನನ್ನ ಹಳೇ ಸೀರೆ. ಮೀನಿನ ತುಂಡು ಅದರೊಳಗೇ ಹಾಕುವುದು. ಈಗ ಅವಳು ಮಲಗುವುದೇ ಅಲ್ಲಿ. ಹೋಗುವ ದಿನ ಮುಚ್ಚಳ ಹಾಕುವುದು, ಮೇಲೆ ಒಂದು ಬಟ್ಟೆ ಹೊದೆಸುವುದು. ಆಟೋದಲ್ಲಿ ಹೆಡಿಗೆಯನ್ನು ತೊಡೆಯ ಮೇಲೆ ಅಲ್ಲಾಡದ ಹಾಗೆ ಇಟ್ಟುಕೊಳ್ಳುವುದು. ಡಾಕ್ಟರು ಮುಚ್ಚಳ ತೆಗೆದು, ಅವಳು ಒಳಗೆ ಕೂತ ಹಾಗೇ ಸೂಜಿ ಹಾಕಿದ್ದಾರೆ. ಕುತ್ತಿಗೆಯ ಚರ್ಮ ಹಿಡಿದು ಎತ್ತುವ ಅಗತ್ಯವೇ ಬರಲಿಲ್ಲ.

ಇನ್ನೊಂದು ಮಾತು. ಬೆಕ್ಕಿಗೆ ಒಂದು ಸಲಕ್ಕೆ ಒಂದು ನಿಮಿಷ ಸಾಕು. ಬಾಲ ಪಟಪಟ ಹೊಡೆಯಲು ಶುರು ಮಾಡಿದರೆ ಅಲ್ಲಿಗೆ ಬಿಡಿ.

ಬೇಳದ_ಭಟ್ಟರು
ಮಳೆಗಾಲ ಬಂತು, ಉಣ್ಣಿ ಶುರು. ನಾಯಿಗೆ ಬೆನ್ನ ಮೇಲೆ ಹಾಕುವ ಮದ್ದು ಉಂಟಲ್ಲ, ಬೆಕ್ಕಿಗೂ ಒಂದು ಹನಿ ಹಾಕಬಹುದಾ?

ಹೆಡಿಗೆಬೆಕ್ಕು
ಬೇಡ! ಬೇಡ ಭಟ್ರೇ. ನಾಯಿಯ ಉಣ್ಣಿ ಮದ್ದಿನಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕು ನಡುಗಿ ನಡುಗಿ ಸಾಯುತ್ತದೆ. ನಮ್ಮ ಮೊದಲನೇ ಬೆಕ್ಕು ಹಾಗೇ ಹೋದದ್ದು. ನಾವೇ ಗೊತ್ತಿಲ್ಲದೆ ಹಾಕಿದ್ದು. ಡಬ್ಬಿಯ ಮೇಲೆ ಬೆಕ್ಕಿಗೆ ಅಂತ ಬರೆದದ್ದನ್ನೇ ಡಾಕ್ಟರನ್ನು ಕೇಳಿ ಹಾಕಿ. ಜ್ವರಕ್ಕೆ ಪ್ಯಾರಸಿಟಮಾಲ್ ಕೂಡ ಬೆಕ್ಕಿಗೆ ಕೊಡಬಾರದು, ಅರ್ಧ ಮಾತ್ರೆಯೂ ಬೇಡ.

ಉಪ್ಪಳದವ
ಉಣ್ಣಿಗೆ ಸೀಮೆಎಣ್ಣೆ ಇಲ್ಲದಿದ್ದರೆ ಹೊಗೆಸೊಪ್ಪಿನ ನೀರು. ನಮ್ಮ ತಂದೆಯ ಕಾಲದಿಂದ ಮಾಡುವುದು.

ಗಿಡ್ಡದನ
ಹೊಗೆಸೊಪ್ಪಿನ ನಿಕೋಟಿನ್ ನಾಯಿಗೂ ವಿಷ, ಅದು ಮೈ ನೆಕ್ಕಿಕೊಳ್ಳುತ್ತದೆ. ಸೀಮೆಎಣ್ಣೆಗೆ ಚರ್ಮ ಸುಡುತ್ತದೆ. ಉರಿಯಿತು ಅಂತಾದರೆ ಮತ್ತೆ ಮೈ ಮುಟ್ಟಲು ಬಿಡುತ್ತದಾ? ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಒಂದು ಉಣ್ಣಿ, ಒಂದು ತಿಂಡಿ. ನಮ್ಮಲ್ಲಿ ನಾಯಿ ಈಗ ಚಿಮುಟ ಕಂಡರೆ ತಾನೇ ಅಡ್ಡ ಬೀಳುತ್ತದೆ.

ಹೊಸಂಗಡಿ_ಮನೆ
ಒಂದು ವಿಷಯ ಯಾರೂ ಹೇಳಲಿಲ್ಲ. ನಾಯಿ ಕಚ್ಚುವ ಮೊದಲು ಎಷ್ಟೋ ಸಲ ಹೇಳುತ್ತದೆ, ನಮಗೆ ಕಾಣುವುದಿಲ್ಲ. ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಕಲ್ಲಿನ ಹಾಗೆ ಗಟ್ಟಿಯಾಗುವುದು. ಆಮೇಲೆ ಗುರ್ ಅನ್ನುವುದು. ಗುರ್ ಅಂದದ್ದಕ್ಕೆ ಹೊಡೆದರೆ ಮುಂದಿನ ಸಲ ಗುರ್ ಅನ್ನದೆ ಕಚ್ಚುತ್ತದೆ. ನಾಯಿಗೆ ಸ್ನಾನ ಮಾಡಿಸುವಾಗ ನನ್ನ ತಂಗಿಯ ಮಗನಿಗೆ ಕಚ್ಚಿದ್ದು ಹಾಗೇ. ಗುರ್ ಅನ್ನಬಾರದು ಅಂತ ಮೊದಲೇ ಹೊಡೆದು ಕಲಿಸಿದ್ದರು.

ಸ್ವಂತ ನಾಯಿಯಾದರೂ, ಲಸಿಕೆ ಆಗಿದ್ದರೂ ಸುಮ್ನೆ ಬಿಡಬೇಡಿ. ಕಚ್ಚಿದ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮದಲ್ಲಿ ಕೊಡುವ ರೇಬೀಸ್ ಲಸಿಕೆಯಾದರೆ ಮೊದಲ ದಿನ, ನಂತರ 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕಾಗುತ್ತದೆ.

ಉಪ್ಪಳದವ
ಅದಕ್ಕೇ ನಾನು ಬಾಯಿ ಕಟ್ಟಿ ಅಂತ ಹೇಳಿದ್ದು.

ಮುಳ್ಳೇರಿಯ_ಮಾಷ್ಟ್ರು
ಬಾಯಿಗೆ ರಕ್ಷಣೆ ಬೇಕು, ಒಪ್ಪುತ್ತೇನೆ. ಆದರೆ ಬಟ್ಟೆ ಕಟ್ಟಿದರೆ ನಾಯಿಗೆ ಬಾಯಿ ತೆರೆದು ಏದುಸಿರು ಬಿಡಲು ಆಗುವುದಿಲ್ಲ. ನಾಯಿ ಮೈಯ ಬಿಸಿ ಇಳಿಸುವುದೇ ಹಾಗೆ. ನಮ್ಮ ಸೆಕೆಯಲ್ಲಿ ಅದು ಅಪಾಯ. ಬುಟ್ಟಿಯ ಹಾಗಿರುವ ಬಾಯಿಕುಕ್ಕೆ ತನ್ನಿ. ಅದರಲ್ಲಿ ಬಾಯಿ ತೆರೆಯಬಹುದು, ನೀರು ಕುಡಿಯಬಹುದು, ತಿಂಡಿ ತಿನ್ನಬಹುದು. ಅದನ್ನೂ ಮನೆಯಲ್ಲಿ ಮೊದಲೇ ಕಲಿಸಿ. ಕುಕ್ಕೆಯ ತಳಕ್ಕೆ ಮೊಸರು ಸವರಿ ಹಿಡಿದರೆ ನಾಯಿ ತಾನೇ ಮೂತಿ ಹಾಕುತ್ತದೆ. ಪಟ್ಟಿ ಕಟ್ಟುವುದು ವಾರ ಕಳೆದ ಮೇಲೆ.

ಇಷ್ಟೆಲ್ಲ ಮಾಡಿದರೂ ತುಂಬ ಹೆದರುವ ನಾಯಿಗೆ, ಹೊರಡುವ ಮೊದಲು ಕೊಡಲು ಹೆದರಿಕೆ ತಗ್ಗಿಸುವ ಗ್ಯಾಬಪೆಂಟಿನ್‌ನಂಥ ಮಾತ್ರೆ ಡಾಕ್ಟರು ಬರೆದುಕೊಡುತ್ತಾರೆ. ನಾವಾಗಿ ಕೊಡುವುದು ಬೇಡ. ಆದರೆ ಕೇಳಲು ಹಿಂಜರಿಯಬೇಡಿ.

ತೋಟದಮನೆ
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್.

ಮೊದಲ ವಾರ ಕತ್ತರಿಯನ್ನು ಜಗಲಿಯ ಕಂಬದ ಹತ್ತಿರ ಸುಮ್ನೆ ಇಟ್ಟೆ. ಅದರಿಂದ ಹತ್ತು ಹೆಜ್ಜೆ ದೂರ ಮಣೆ. ದಿನಾ ಮಣೆ ಒಂದು ಹೆಜ್ಜೆ ಹತ್ತಿರ. ಒಂದು ದಿನ ಅವಸರ ಮಾಡಿ ಮೂರು ಹೆಜ್ಜೆ ತಂದೆ, ಎದ್ದು ಹೋದ. ಮತ್ತೆ ಹಿಂದಿನ ಜಾಗಕ್ಕೇ ಹೋಗಿ ಶುರು ಮಾಡಿದೆ. ಎರಡನೇ ವಾರ ಅವನ ಗಲ್ಲ ಮಣೆಯ ಮೇಲೆ ಇದ್ದಾಗ ಕತ್ತರಿಯಲ್ಲಿ ಒಣ ಅಡಿಕೆ ಸೋಗೆಯ ಗರಿ ಕತ್ತರಿಸಿದೆ, ಆ 'ಕಚ್' ಶಬ್ದ ಅಭ್ಯಾಸ ಆಗಲಿ ಅಂತ. ಮೊದಲ ಸಲ ಕಿವಿ ಹಿಂದೆ ಹೋಯಿತು, ಗಲ್ಲ ಎತ್ತಲಿಲ್ಲ. 17ನೇ ದಿನ ಉಗುರಿನ ತುದಿ ತೆಗೆದೆ. ಒಂದು ಸಾಸಿವೆಯಷ್ಟು. ಮರುದಿನ ಇನ್ನೊಂದು ಸಾಸಿವೆಯಷ್ಟು. ಈಗ ಚರ್ಮದಿಂದ ದೂರ ಇದೆ. ಒಂದು ಹನಿ ರಕ್ತ ಬಂದಿಲ್ಲ.

ಲಸಿಕೆ ನಿನ್ನೆ ಆಯಿತು. ಅದಕ್ಕೆ ಮೊದಲು ಎರಡು ಸಲ ಸಂಜೆ ಹೊತ್ತು ಆಸ್ಪತ್ರೆಯ ಅಂಗಳಕ್ಕೆ ಕರ್ಕೊಂಡು ಹೋಗಿ, ಸೂಜಿ ಇಲ್ಲ, ಏನೂ ಇಲ್ಲ, ಮೊಸರು ತಿಂದು ವಾಪಸ್. ನಿನ್ನೆ ಮಣೆ, ಬೈರಾಸು, ಸೌಟು ಎಲ್ಲ ಕೊಂಡೋಗಿದ್ದೆ. ಹೊರಗೆ ಮರದ ಅಡಿಯಲ್ಲಿ ಹಾಕಬಹುದಾ ಅಂತ ಕೇಳಿದೆ, ಡಾಕ್ಟರು ಬಂದರು. ಕುಕ್ಕೆ ಹಾಕಿದ್ದೆ. ಎರಡು ಸಲ ಗಲ್ಲ ಎತ್ತಿದ. ಎರಡು ಸಲವೂ ಅವರು ಕೈ ಹಿಂದೆ ತೆಗೆದರು. ಮೂರನೇ ಸಲ ನಾನು 'ಚುಚ್ಚು' ಅಂತ ಹೇಳಿದೆ, ಸೂಜಿ ಹೋಯಿತು. ಅವನು ಸೌಟು ನೆಕ್ಕುತ್ತಲೇ ಇದ್ದ. ನನಗೆ ಅಳು ಬಂತು.

ಹೆಡಿಗೆಬೆಕ್ಕು
ನನಗೂ ಓದಿ ಕಣ್ಣು ತುಂಬಿತು. ಕಾಳುವಿಗೆ ನನ್ನ ಲೆಕ್ಕದಲ್ಲಿ ಇನ್ನೊಂದು ಸೌಟು ಕೊಡಿ.

ಉಪ್ಪಳದವ
ಸಂತೋಷ ಆಯಿತು. ಆದರೆ ನನ್ನ ಮಾತು ಅದೇ. ಬೆಳಿಗ್ಗೆ ಆಸ್ಪತ್ರೆಯಲ್ಲಿ ದನ, ಆಡು, ಕೋಳಿ ಹಿಡಿದು ಸಾಲು ನಿಂತಿರುತ್ತಾರೆ. ಎಲ್ಲರ ನಾಯಿ ಗಲ್ಲ ಇಡುವವರೆಗೆ ಡಾಕ್ಟರು ಕಾಯುವುದಕ್ಕೆ ಆಗುತ್ತದಾ?

ತೋಟದಮನೆ
ಅಣ್ಣಾ, ನಿನ್ನೆ ಒಟ್ಟು ನಾಲ್ಕು ನಿಮಿಷ ಹಿಡಿಯಿತು. ಕಳೆದ ವರ್ಷ ನಾಲ್ಕು ಜನಕ್ಕೆ ಅರ್ಧ ಗಂಟೆ. ಕಾಯುವ ಕೆಲಸ ಎಲ್ಲ ನಮ್ಮ ಜಗಲಿಯಲ್ಲೇ ಮುಗಿದಿತ್ತು.

ಉಪ್ಪಳದವ
ಅದು ಸರಿ. ಕೇಳುವುದೊಂದು ಉಂಟು. ನಮ್ಮ ಟೈಗರ್ ಎರಡು ದಿನದಿಂದ ತಲೆ ಕೊಡವುತ್ತಿದ್ದಾನೆ. ಎಡ ಕಿವಿ ವಾಸನೆ ಬರುತ್ತದೆ, ಮುಟ್ಟಲು ಬಿಡುವುದಿಲ್ಲ. ಮಣೆ ಇಟ್ಟು ಶುರು ಮಾಡಲಾ?

ಮುಳ್ಳೇರಿಯ_ಮಾಷ್ಟ್ರು
ಈಗ ಬೇಡ. ನೋಯುವ ಕಿವಿಯ ಮೇಲೆ ಕಲಿಸಲು ಹೋದರೆ ಕೈ ಅಂದರೆ ನೋವು ಅಂತಲೇ ಕಲಿಯುತ್ತಾನೆ. ಮೊದಲು ಡಾಕ್ಟರಿಗೆ ತೋರಿಸಿ, ಒಳಗೆ ನೋಡದೆ ಯಾವ ಎಣ್ಣೆಯನ್ನೂ ಬಿಡಬೇಡಿ. ಬೇಕಾದರೆ ಮಂಪರು ಕೊಟ್ಟು ಕ್ಲೀನ್ ಮಾಡಿಸಿ. ಬಲ ಕಿವಿ ಸರಿ ಇದೆಯಲ್ಲ, ಮಣೆಯ ಪಾಠ ಅದರಲ್ಲಿ ಶುರು ಮಾಡಿ. ಡ್ರಾಪ್ಸ್ ಕೊಟ್ಟರೆ ಹಾಕುವ ಮೊದಲು ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ತಣ್ಣಗಿನ ಹನಿ ಬಿದ್ದರೆ ಬೆಚ್ಚುತ್ತಾನೆ.

ಉಪ್ಪಳದವ
ನಾಳೆ ಬೆಳಿಗ್ಗೆಯೇ ಹೋಗುತ್ತೇನೆ. ಬಾಯಿಕುಕ್ಕೆ ನಮ್ಮಲ್ಲಿ ಇಲ್ಲ, ಇಲ್ಲಿ ಅಂಗಡಿಯಲ್ಲಿ ಬಟ್ಟೆಯದ್ದು ಮಾತ್ರ ಸಿಗುವುದು.

ತೋಟದಮನೆ
ನಮ್ಮದು ಕೊಂಡೋಗಿ ಅಣ್ಣಾ. ಕಾಳುವಿಗೆ ಸದ್ಯ ಬೇಡ. ಟೈಗರಿನ ಮೂತಿಯ ಉದ್ದ, ಮತ್ತೆ ಕಣ್ಣಿನ ಸ್ವಲ್ಪ ಕೆಳಗೆ ಮೂತಿಯ ಸುತ್ತಳತೆ ನೂಲು ಹಿಡಿದು ಅಳೆದು ಹೇಳಿ. ಬಾಯಿ ತೆರೆಯುವಷ್ಟು ಜಾಗ ಸೇರಿಸಿ ನೋಡಬೇಕು. ಸರಿಯಾಗುತ್ತದೆ ಅಂತಾದರೆ ಮಗ ಇವತ್ತು ಸಂಜೆ ಬಸ್ಸಿನಲ್ಲಿ ಉಪ್ಪಳಕ್ಕೆ ಬರುವವನಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ತೊಳೆದು ಇಟ್ಟಿದ್ದೇನೆ.